ಹಟ್ಟಿಯ ನೀರು, ಊರಿನ ಸರಾಸರಿ

ನನ್ನ ಮೊದಲ ನೌಕರಿ ಬಾಟಲಿಗೆ ನೀರು ಹಿಡಿಯುವುದು. ಹಾಗೆ ಹೇಳಿದರೆ ಅಪ್ಪನಿಗೆ ಸಿಟ್ಟು ಬರುತ್ತಿತ್ತು. ಹೊಳಲ್ಕೆರೆಯಿಂದ ದಿನವೂ ಬಸ್ಸಿನಲ್ಲಿ ನಿಂತುಕೊಂಡೇ ಚಿತ್ರದುರ್ಗಕ್ಕೆ ಹೋಗಿ ಬಿ.ಎಸ್ಸಿ. ಮುಗಿಸಿದ ಮಗಳು ಊರೂರು ತಿರುಗಿ ಕೊಳಾಯಿಗೆ ಬಾಟಲಿ ಒಡ್ಡುತ್ತಾಳೆ ಎಂದು ಹೇಳಿಕೊಳ್ಳಲು ಅವರಿಗೆ ಮನಸ್ಸಿರಲಿಲ್ಲ. ನೆಂಟರು ಕೇಳಿದರೆ "ಲ್ಯಾಬಿನಾಗೆ ಕೆಲ್ಸ" ಎಂದು ಮಾತು ಮುಗಿಸುತ್ತಿದ್ದರು. ಲ್ಯಾಬಿನಲ್ಲಿ ನಾನು ಇರುತ್ತಿದ್ದುದು ವಾರಕ್ಕೆ ಎರಡೇ ದಿನ. ಉಳಿದ ದಿನಗಳೆಲ್ಲ ರಸ್ತೆಯ ಮೇಲೆ.

ನಮ್ಮ ಕಡೆ ಬೋರು ಆಳಕ್ಕೆ ಇಳಿದಂತೆಲ್ಲ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಬರುತ್ತದೆ. ಕಲ್ಲಿನ ಪದರಗಳಲ್ಲಿ ಇರುವುದು ನೀರಿಗೆ ಇಳಿಯುತ್ತದೆ. ಬಣ್ಣ, ವಾಸನೆ ಏನೂ ಇರುವುದಿಲ್ಲ. ಸ್ವಲ್ಪ ಇದ್ದರೆ ಹಲ್ಲಿಗೆ ಒಳ್ಳೆಯದೇ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಮೊದಲು ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆಗಳು ಮೂಡುತ್ತವೆ. ವರ್ಷಗಟ್ಟಲೆ ಅದನ್ನೇ ಕುಡಿದರೆ ಮೂಳೆಗಳು ಬಿಗಿದು, ಬೆನ್ನು ಬಾಗಿ, ಕತ್ತು ತಿರುಗದಂತಾಗುತ್ತದೆ. ಯಾವ ಊರಿನ ನೀರಿನಲ್ಲಿ ಎಷ್ಟಿದೆ ಎಂದು ಪರೀಕ್ಷಿಸಿ ವರದಿ ಕೊಡುವ ಕೆಲಸವನ್ನು ಒಂದು ಖಾಸಗಿ ಸಂಸ್ಥೆ ಹಿಡಿದಿತ್ತು. ನಾನು ಅಲ್ಲಿ ಗುತ್ತಿಗೆಯ ಮೇಲೆ ಸೇರಿದ್ದೆ. ವರದಿ ನೋಡಿ, ನೀರು ಕೆಟ್ಟಿರುವ ಊರುಗಳಿಗೆ ಶುದ್ಧ ನೀರಿನ ಘಟಕ ಕೊಡುವುದಿತ್ತು.

ಸಂಸ್ಥೆಯ ಮುಖ್ಯಸ್ಥರು ನಿವೃತ್ತ ಉಪನ್ಯಾಸಕರು. ಸಂಖ್ಯಾಶಾಸ್ತ್ರ ಪಾಠ ಮಾಡಿದವರು, ಮೆದು ಮಾತಿನವರು. ನಾವೆಲ್ಲ ಅವರನ್ನು ಸರ್ ಎನ್ನುತ್ತಿದ್ದೆವು. ಮೊದಲ ದಿನವೇ ನನ್ನನ್ನು ಕೂರಿಸಿಕೊಂಡು ಹೇಳಿದ್ದರು:

"ಮಂಡಿಯಲ್ಲಿ ಶೇಂಗಾ ಚೀಲ ಕೊಳ್ಳೋರನ್ನ ನೋಡಿದ್ದೀಯಾ? ಚೀಲದ ಬಾಯಲ್ಲಿರೋ ಕಾಯಿ ನೋಡಿ ಯಾರೂ ಕೊಳ್ಳಲ್ಲ. ಬಾಯಿಗೆ ಒಳ್ಳೇದು ಹಾಕಿರ್ತಾರೆ ಅಂತ ಗೊತ್ತು. ತಳಕ್ಕೆ, ಮೂಲೆಗೆ ಕೈ ಹಾಕಿ ಹಿಡಿ ತೆಗೀತಾರೆ. ಊರೂ ಒಂದು ಚೀಲವೇ ಅಮ್ಮಾ. ನಮಗೆ ಅನುಕೂಲವಾದ ಕಡೆ ಕೈ ಹಾಕಿದರೆ ಅದು ಪರೀಕ್ಷೆ ಅಲ್ಲ."

ಅದಕ್ಕೇ ಅವರು ಒಂದು ನಿಯಮ ಮಾಡಿದ್ದರು. ಊರಿನ ಎಲ್ಲ ಬೋರು, ಕೊಳಾಯಿ, ತೊಟ್ಟಿಗಳ ಹೆಸರನ್ನು ಚೀಟಿಗಳಲ್ಲಿ ಬರೆದು, ಕಣ್ಣು ಮುಚ್ಚಿ ಹತ್ತು ಚೀಟಿ ಎತ್ತಬೇಕು. ಆ ಹತ್ತರಿಂದಲೇ ನೀರು ತರಬೇಕು. ಎಷ್ಟೇ ದೂರವಿದ್ದರೂ ಬದಲಿಸುವ ಹಾಗಿಲ್ಲ. ನನಗೆ ಆ ನಿಯಮ ಬಹಳ ಹಿಡಿಸಿತ್ತು. ನಾಲ್ಕು ತಿಂಗಳು ಅದನ್ನು ಚಾಚೂ ತಪ್ಪದೆ ಪಾಲಿಸಿದೆ.

ತಪ್ಪಿದ್ದು ಹಿರೇಗುಂಟನೂರಿನ ಆಚೆಯ ಒಂದು ಊರಿನಲ್ಲಿ.

ಹಿಂದಿನ ದಿನ ಮಳೆಯಾಗಿತ್ತು. ನಮ್ಮ ಜೀಪಿನ ಡ್ರೈವರ್ ಹೊಸದುರ್ಗದವರು, ನನಗಿಂತ ಹದಿನೈದು ವರ್ಷ ದೊಡ್ಡವರು, ಹಸಿವು ತಡೆಯದ ಮನುಷ್ಯ. ಊಟದ ಹೊತ್ತಿಗೆ ಒಂಬತ್ತು ಬಾಟಲಿ ತುಂಬಿದ್ದವು. ಹತ್ತನೆಯ ಚೀಟಿಯಲ್ಲಿ ಊರಿಗೆ ಸೇರಿದ ಒಂದು ಹಟ್ಟಿಯ ಬೋರಿಂಗು ಬಂದಿತ್ತು. ನಮ್ಮ ಕಡೆ ಕೈಪಂಪಿಗೆ ಬೋರಿಂಗು ಎನ್ನುತ್ತಾರೆ. ಹಟ್ಟಿ ಊರಿಂದ ಎರಡು ಮೈಲಿ. ನಡುವೆ ಇದ್ದದ್ದು ಗಾಡಿದಾರಿ, ಅದೂ ಎರೆಮಣ್ಣಿನದು.

"ಹೂತ್ಕಂತೈತೆ ಮೇಡಂ," ಎಂದರು ಡ್ರೈವರ್, ದಾರಿಯನ್ನು ದೂರದಿಂದಲೇ ನೋಡಿ. "ಗಾಡಿ ಹೂತ್ಕಂಡ್ರೆ ಎಳಿಯಾಕೆ ಯಾರವ್ರೆ ಇಲ್ಲಿ?"

"ನಡೆದು ಹೋಗೋಣವಾ?"

"ನಡಿಯಾಣ ಬಿಡ್ರಿ. ಹೋಗಿ ಬರಾದ್ರಾಗೆ ಮೂರು ಗಂಟೆ ಆಗ್ತೈತೆ. ಲ್ಯಾಬಿಗೆ ಐದರೊಳಗೆ ಕೊಡ್ಬೇಕು ಅಂತೀರಿ."

"ನಾಳೆ ಬಂದರೆ?"

"ನಾಳೆ ಭರಮಸಾಗರದ ಕಡೆ ಐತಲ್ರಿ."

ಬೇಡ ಎಂದು ಅವರು ಹೇಳಲಿಲ್ಲ. ಬೇಡ ಎಂದು ಯಾರೂ ಹೇಳಲಿಲ್ಲ. ನಾನೇ ಜೀಪಿನಿಂದ ಇಳಿದು, ಶಾಲೆಯ ಮುಂದಿನ ಕೊಳಾಯಿಗೆ ಎರಡನೆಯ ಸಲ ಬಾಟಲಿ ಹಿಡಿದೆ. ಚೀಟಿ ಅಂಟಿಸಿ, "ಹಟ್ಟಿ – ಬೋರಿಂಗು" ಎಂದು ಬರೆದೆ. ಅಕ್ಷರಗಳು ದುಂಡಗೆ ಬಂದಿದ್ದವು. ಡ್ರೈವರ್ ಬೇರೆ ಕಡೆ ನೋಡುತ್ತಾ ಬೀಡಿ ಹಚ್ಚಿದರು. ಊರಲ್ಲಿ ಹತ್ತಕ್ಕೆ ಒಂಬತ್ತು ಸರಿ ಇದ್ದರೆ ಹತ್ತನೆಯದೂ ಹಾಗೇ ಇರುತ್ತದೆ ಎಂದು ನನ್ನಷ್ಟಕ್ಕೆ ಹೇಳಿಕೊಂಡೆ. ಆಗ ನನಗೆ ಇಪ್ಪತ್ತೆರಡು ವರ್ಷ.

ಆ ವಾರ ನೀರಿನ ಫಲಿತಾಂಶ ಬಂತು. ಹತ್ತೂ ಬಾಟಲಿಗಳಲ್ಲಿ ಒಂದಕ್ಕಿಂತ ಕಡಿಮೆ. ಪ್ರತಿ ಊರಿನ ಪಟ್ಟಿಯನ್ನು ಪಂಚಾಯ್ತಿ ಕಚೇರಿಯ ಬಾಗಿಲಿಗೆ ಅಂಟಿಸುವ ಪದ್ಧತಿ ಇತ್ತು. ಇದನ್ನೂ ಅಂಟಿಸಿದರು.

ಹದಿನೈದು ದಿನದ ಮೇಲೆ ಅದೇ ಊರಿಗೆ ಮತ್ತೊಂದು ಕೆಲಸಕ್ಕೆ ಹೋದೆ. ಕೀಲುನೋವು ಎಷ್ಟು ಜನಕ್ಕಿದೆ ಎಂದು ಎಣಿಸುವ ಕೆಲಸ. ಹಿಂದಿನ ದಿನ ಆಟೋದಲ್ಲಿ ಮೈಕು ಹಾಕಿ ಸಾರಿಸಿದ್ದರು. ಶಾಲೆಯ ಪಡಸಾಲೆಯಲ್ಲಿ ಮೇಜು ಹಾಕಿಕೊಂಡು ಕೂತೆ. ಬಂದವರಿಗೆ ಮೂರು ಕೆಲಸ ಹೇಳುವುದು: ಬಗ್ಗಿ ಕಾಲಿನ ಹೆಬ್ಬೆರಳು ಮುಟ್ಟಿ, ಗದ್ದವನ್ನು ಎದೆಗೆ ತಾಗಿಸಿ, ಎರಡೂ ಕೈಗಳನ್ನು ತಲೆಯ ಹಿಂದೆ ಕಟ್ಟಿ. ಮಾಡಲಾಗದಿದ್ದರೆ ಗುರುತು ಹಾಕಿಕೊಳ್ಳುವುದು, ಮಾಡಿದರೆ ಸೊನ್ನೆ. ಜನ ಡ್ರಿಲ್ ಕ್ಲಾಸು ಎಂದು ನಗುತ್ತಾ ಮಾಡಿದರು. ಹೆಚ್ಚಿನವರು ಮೂರನ್ನೂ ಸಲೀಸಾಗಿ ಮಾಡಿದರು. ನನ್ನ ಹಾಳೆ ತುಂಬ ಸೊನ್ನೆಗಳೇ.

ನಾಲ್ಕು ಗಂಟೆಯ ಹೊತ್ತಿಗೆ, ನಾನು ಕಾಗದ ಜೋಡಿಸುತ್ತಿದ್ದಾಗ, ಕೋಲೂರಿಕೊಂಡು ಒಬ್ಬ ಹೆಂಗಸು ಬಂದಳು. ಮೆಟ್ಟಿಲಿನ ಮೇಲೇ ಕುಸಿದು ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಅರವತ್ತರ ಮೇಲಿರಬೇಕು ಎಂದುಕೊಂಡೆ. ರೇಷನ್ ಕಾರ್ಡು ಕೊಟ್ಟಳು. ನಲವತ್ತೂ ಆಗಿರಲಿಲ್ಲ.

"ಗದ್ದ ಎದೆಗೆ ತಾಗಿಸಿ ಅಕ್ಕ," ಎಂದೆ.

ಆಕೆ ಪ್ರಯತ್ನಪಟ್ಟಳು. ಕತ್ತು ಒಂದು ಬೆರಳಿನಷ್ಟು ಬಾಗಿ ನಿಂತಿತು.

"ಅಷ್ಟೇ ಬರೋದು," ಎಂದು ತಾನೇ ತೀರ್ಪು ಹೇಳಿದಳು. ಆಮೇಲೆ ನನ್ನ ಹಾಳೆಯ ಕಡೆ ಕೈ ತೋರಿಸಿ ಕೇಳಿದಳು, "ನಮ್ಮಟ್ಟಿಯೋರು ಎಷ್ಟ್ ಜನ ಬಂದಿದ್ರು?"

ಯಾವ ಹಟ್ಟಿ ಎಂದು ಕೇಳಿದೆ. ಹೇಳಿದಳು. ಹಾಳೆ ನೋಡಿದೆ. ಬೆಳಗಿನಿಂದ ಆ ಹಟ್ಟಿಯವರು ನಾಲ್ಕು ಜನ ಬಂದಿದ್ದರು. ನಾಲ್ವರೂ ಹರೆಯದವರು. ನಾಲ್ವರಿಗೂ ಸೊನ್ನೆ.

"ನಡಿಯಾಕಾಗೋರು ಬಂದವ್ರೆ," ಎಂದಳು ಆಕೆ. "ಆಗ್ದೋರು ಅಲ್ಲೇ ಅವ್ರೆ. ಮೊಣಕಾಲು ನೋವೈತಾ ಅಂತ ಕೇಳಾಕೆ ಎರಡು ಮೈಲಿ ನಡಕಂಡು ಬರ್ರಿ ಅಂದ್ರೆ, ನೋವಿರೋರು ಹೆಂಗ್ ಬರ್ತಾರೆ ಮೇಡಮ್ಮಾರೆ?"

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿಯದವರಿಗೆ ತಿಳಿಸಿ ಹೇಳುವಂತೆ ಹೇಳಿದಳು. ಇಡೀ ದಿನ ನಾನು ಎಣಿಸಿದ್ದು ಶಾಲೆಯವರೆಗೂ ನಡೆದು ಬರಬಲ್ಲವರನ್ನು. ಕಾಯಿಲೆಯನ್ನು ಹುಡುಕಲು ಹೋಗಿ, ಕಾಯಿಲೆಯವರು ದಾಟಿ ಬರಲಾಗದ ಕಡೆ ಮೇಜು ಹಾಕಿಕೊಂಡಿದ್ದೆ.

ಅಷ್ಟಕ್ಕೇ ಆಕೆ ಬಿಟ್ಟಿದ್ದರೆ ಚೆನ್ನಾಗಿತ್ತು.

"ಪಂಚಾಯ್ತಿ ಬಾಗಿಲಿಗೆ ಕಾಗದ ಅಂಟ್ಸವ್ರಂತೆ. ನಮ್ಮ ಬೋರಿಂಗ್ ನೀರು ಒಳ್ಳೇದು ಅಂತ ಐತಂತೆ. ನೀವು ಯಾವಾಗ ಬಂದಿದ್ರಿ? ನನ್ ಮನೆ ಬೋರಿಂಗಿನ ಎದುರಿಗೇ ಐತೆ. ದಿನಾ ಅಲ್ಲೇ ಕುಂತಿರ್ತೀನಿ. ಕಾಣ್ಲೇ ಇಲ್ವಲ್ಲ."

"ನಾನಲ್ಲ ಅಕ್ಕ, ಬೇರೆಯವರು ಬಂದಿದ್ದರು," ಎಂದೆ.

"ಹಂಗಾ," ಎಂದಳು.

ಅದರ ಮುಂದಿನ ಭಾನುವಾರ ಯಾರಿಗೂ ಹೇಳದೆ ಬಸ್ಸು ಹತ್ತಿ ಹೋದೆ. ಮಣ್ಣು ಒಣಗಿತ್ತು. ಹಟ್ಟಿಗೆ ನಡೆದು ಹೋಗಲು ಹಿಡಿದದ್ದು ಮುಕ್ಕಾಲು ಗಂಟೆ.

ಬೋರಿಂಗಿನ ಎದುರು ಮನೆಯ ಜಗುಲಿಯಲ್ಲಿ ಆಕೆ ಕೂತಿದ್ದಳು. ಪಕ್ಕದಲ್ಲಿ ಗಂಡ. ಆತ ನನ್ನನ್ನು ನೋಡಲು ಕತ್ತು ತಿರುಗಿಸಲಿಲ್ಲ; ಸೊಂಟದಿಂದ ಮೇಲೆ ಇಡೀ ಮೈಯನ್ನೇ ತಿರುಗಿಸಿದ. ಆದರೂ ಆತ ಇನ್ನೂ ಓಡಾಡುತ್ತಿದ್ದ. ಗೋಡೆಗೆ ಸೈಕಲ್ ಒರಗಿಸಿತ್ತು. ಓಣಿಯಲ್ಲಿ ಆಡುತ್ತಿದ್ದ ಮಕ್ಕಳು ನನ್ನನ್ನು ನೋಡಿ ನಕ್ಕವು. ಮುಂದಿನ ಹಲ್ಲುಗಳ ಮೇಲೆಲ್ಲ ಕಂದು ಗೆರೆ. ಮೂರು ನಾಲ್ಕು ಮನೆಗಳ ಒಳಗೆ ಹೊರಸಿನ ಮೇಲೆ ಮಲಗಿದವರು ಕಂಡರು. ಅವರಾರೂ ಆವತ್ತು ಶಾಲೆಗೆ ಬಂದವರಲ್ಲ.

"ಬರ್ರಿ, ಕುಂತ್ಕಳ್ರಿ. ನಡಕಂಡೇ ಬಂದ್ರಾ?" ಎಂದು ಆಕೆ ಉಪಚಾರ ಮಾಡಿದಳು. ಮಗಳನ್ನು ಕೂಗಿದಳು. ಏಳೆಂಟು ವರ್ಷದ ಹುಡುಗಿ ಚೊಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ತಂದಿಟ್ಟು ನಕ್ಕಳು; ಅವಳ ಹಲ್ಲಿನ ಮೇಲೂ ಅದೇ ಕಂದು ಗೆರೆ.

"ಬಾಯಾರಿಕೆ ಇಲ್ಲ ಅಕ್ಕ," ಎಂದೆ. ಬಿಸಿಲಲ್ಲಿ ಬಂದು ಬೆವರುತ್ತಿದ್ದವಳು.

"ಕುಡೀರಿ, ಒಳ್ಳೇ ನೀರೇ. ಕಾಗದದಾಗೆ ಬರದೈತಲ್ಲ," ಎಂದಳು.

ಕುಡಿದೆ. ಚೊಂಬು ಖಾಲಿ ಮಾಡಿದೆ. ಆಮೇಲೆ ಬೋರಿಂಗು ಹೊಡೆದು ನನ್ನ ಬಾಟಲಿ ತುಂಬಿಕೊಂಡೆ. ಇನ್ನೊಂದು ಸಲ ನೋಡುತ್ತಾರಂತೆ ಎಂದಷ್ಟೇ ಹೇಳಿದೆ.

ಸೋಮವಾರ ಲ್ಯಾಬಿನಲ್ಲಿ ಪರೀಕ್ಷೆ ಮಾಡಿದೆ. ಆ ಪರೀಕ್ಷೆಯಲ್ಲಿ ನೀರಿಗೆ ಕೆಂಪು ಬಣ್ಣದ ದ್ರಾವಣ ಹಾಕುತ್ತಾರೆ. ಫ್ಲೋರೈಡ್ ಹೆಚ್ಚಿದ್ದಷ್ಟೂ ಬಣ್ಣ ಮಾಸುತ್ತದೆ. ಉಳಿದ ಕೊಳವೆಗಳು ಕೆಂಪಗಿದ್ದವು. ಹಟ್ಟಿಯದು ಬರಿಗಣ್ಣಿಗೇ ಬಿಳಿಚಿಕೊಂಡಿತ್ತು. ನೀರನ್ನು ತೆಳುಮಾಡಿ ಮತ್ತೆ ಅಳೆದೆ. ನಾಲ್ಕಕ್ಕಿಂತ ಮೇಲೆ ಬಂತು.

ಕಾಗದ ಹಿಡಿದು ಸರ್ ಕೋಣೆಗೆ ಹೋದೆ. ಅವರು ಕನ್ನಡಕ ಏರಿಸಿಕೊಂಡು ಓದಿದರು.

"ಇದೇ ಬೋರಿಂಗು ಮೊದಲು ಒಂದಕ್ಕಿಂತ ಕಡಿಮೆ ತೋರಿಸಿತ್ತಲ್ಲಮ್ಮಾ?"

ಅದೇ ನನಗೆ ಸಿಕ್ಕ ಗಳಿಗೆ. ಆ ಬಾಟಲಿ ಶಾಲೆಯ ಮುಂದಿನದು ಸರ್, ಎಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಅವರ ನಿಯಮ ಮುರಿದವಳನ್ನು ಅವರು ಆವತ್ತೇ ಮನೆಗೆ ಕಳಿಸುತ್ತಿದ್ದರು ಎಂದು ನನಗೆ ಗೊತ್ತಿತ್ತು.

"ಆಗ ಮಳೆ ಬಂದಿತ್ತಲ್ಲ ಸರ್," ಎಂದೆ. "ಮಳೆ ನೀರು ಬೆರೆತಿರಬಹುದು."

"ಇರಬಹುದು," ಎಂದರು. ಪೆನ್ನು ತೆಗೆದು ನನ್ನೆದುರೇ ಲೆಕ್ಕ ಮಾಡಿದರು. ಒಂದೇ ಬೋರಿಂಗಿನ ಎರಡು ಅಳತೆ, ಅವೆರಡರ ಸರಾಸರಿ ಎರಡೂವರೆಯ ಮೇಲೆ. ಅದನ್ನು ಉಳಿದ ಒಂಬತ್ತರ ಜೊತೆ ಕೂಡಿಸಿ ಹತ್ತರಿಂದ ಭಾಗಿಸಿದರೆ ಒಂದು ಚಿಲ್ಲರೆ. "ನೋಡು, ಊರಿನ ಸರಾಸರಿ ಒಂದೂವರೆಯ ಒಳಗೇ ಇದೆ."

"ಹಟ್ಟಿಯವರು ಸರಾಸರಿ ಕುಡಿಯೋದಿಲ್ಲವಲ್ಲ ಸರ್. ಅವರು ಕುಡಿಯೋದು ಅವರ ಬೋರಿಂಗಿನ ನೀರು."

ಅವರು ಪೆನ್ನು ಕೆಳಗಿಟ್ಟರು.

"ನೀನು ಹೇಳೋದು ಸರಿ. ಆದರೆ ವರದಿಯ ನಮೂನೆಯಲ್ಲಿ ಊರಿಗೆ ಒಂದೇ ಚೌಕ ಕೊಟ್ಟಿದ್ದಾರೆ, ಒಂದೇ ಅಂಕಿ ಬರೀಬೇಕು. ಒಂದು ಹಟ್ಟಿಯನ್ನ ಬೇರೆ ಬರೆದರೆ ಎಲ್ಲಾ ಹಟ್ಟಿಗಳನ್ನೂ ಬೇರೆ ಬರೀಬೇಕಾಗುತ್ತೆ. ಶುಕ್ರವಾರ ವರದಿ ಹೋಗಬೇಕಲ್ಲ."

ಶುಕ್ರವಾರ ವರದಿ ಹೋಯಿತು. ನೀರು ಕೆಟ್ಟ ಊರುಗಳಿಗೆ ಕೆಂಪು ಕಂಬ, ಒಳ್ಳೆಯ ಊರುಗಳಿಗೆ ಹಸಿರು ಕಂಬ ಬರೆದ ಒಂದು ಚಿತ್ರವಿತ್ತು. ಆ ಊರಿಗೆ ಗಿಡ್ಡನೆಯ ಹಸಿರು ಕಂಬ. ಕೀಲುನೋವಿನ ಪಟ್ಟಿಯಲ್ಲಿ "ಪರೀಕ್ಷಿಸಿದವರಲ್ಲಿ ಬಹುಪಾಲು ಜನರಿಗೆ ತೊಂದರೆ ಕಂಡುಬಂದಿಲ್ಲ" ಎಂದು ಬರೆದಿತ್ತು. ಅದು ಸುಳ್ಳಲ್ಲ. ಆ ಪುಟದಲ್ಲಿ ಕೂಡಿಸಿದ್ದು ಸರಿಯಿತ್ತು, ಭಾಗಿಸಿದ್ದು ಸರಿಯಿತ್ತು. ಸುಳ್ಳು ಇದ್ದದ್ದು ನನ್ನ ಒಂದು ಬಾಟಲಿಯಲ್ಲಿ ಮಾತ್ರ. ಉಳಿದದ್ದನ್ನೆಲ್ಲ ನಿಜವಾದ ಅಂಕಿಗಳೇ ಮುಚ್ಚಿದ್ದವು. ಘಟಕ ಹೆದ್ದಾರಿಯ ಪಕ್ಕದ ಇನ್ನೊಂದು ಊರಿಗೆ ಹೋಯಿತು. ಅಲ್ಲಿ ಎಲ್ಲ ಕೊಳಾಯಿಗಳೂ ಮಿತಿಯನ್ನು ಕೊಂಚ ದಾಟಿದ್ದವು. ಅವರಿಗೂ ಅದು ಬೇಕಾಗಿತ್ತು, ಇಲ್ಲವೆನ್ನಲಾರೆ.

ಎಷ್ಟೋ ಸಲ ಆ ಲೆಕ್ಕವನ್ನು ಮತ್ತೆ ಮಾಡಿದ್ದೇನೆ. ಸುಳ್ಳು ಬಾಟಲಿಯನ್ನು ತೆಗೆದುಹಾಕಿ, ಹಟ್ಟಿಯ ನಿಜವಾದ ಅಂಕಿಯೊಂದನ್ನೇ ಇಟ್ಟು ಭಾಗಿಸಿದರೂ ಊರಿನ ಸರಾಸರಿ ಒಂದೂವರೆ ಮುಟ್ಟುವುದಿಲ್ಲ. ಹಾಗಾದರೆ ನನ್ನ ತಪ್ಪಿನಿಂದ ಏನೂ ವ್ಯತ್ಯಾಸವಾಗಲಿಲ್ಲ ಎಂದು ಕೆಲವು ದಿನ ಸಮಾಧಾನ ಮಾಡಿಕೊಂಡಿದ್ದೆ. ಆದರೆ ಒಂದು ಬಾಟಲಿ ಸುಳ್ಳು ಎಂದು ಗೊತ್ತಾಗಿದ್ದರೆ ಸರ್ ಇಡೀ ಊರನ್ನು ಮತ್ತೆ ಅಳೆಸುತ್ತಿದ್ದರೋ ಏನೋ. ಅಂಥ ಹಟ ಅವರಿಗಿತ್ತು. ಅದನ್ನು ತಿಳಿಯುವ ದಾರಿ ಈಗಿಲ್ಲ. ಅವರು ತೀರಿಕೊಂಡು ವರ್ಷಗಳಾದವು.

ಹಟ್ಟಿಗೆ ಹೋಗಿ ಆ ನೀರು ಕುಡಿಯಬೇಡಿ ಎಂದು ಹೇಳಿಬರಲು ನನಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಹೋಗಬೇಕು ಎಂದುಕೊಂಡೆ. ಹೋದರೆ ಕಾಗದದಲ್ಲಿ ಬೇರೆ ಬರೆದಿದೆಯಲ್ಲ ಎಂದು ಕೇಳುತ್ತಾರೆ. ಮುಂದಿನ ಭಾನುವಾರ ಹೋಗಲಿಲ್ಲ. ಅದರ ಮುಂದಿನದೂ ಹಾಗೇ ಕಳೆಯಿತು. ಗುತ್ತಿಗೆ ಮುಗಿಯಿತು, ಬಿ.ಎಡ್. ಮಾಡಿದೆ, ಹಿರಿಯೂರಿನ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರಾದೆ, ಮದುವೆಯಾಯಿತು. ಸರಾಸರಿಯ ಪಾಠ ಪ್ರತಿವರ್ಷ ಬರುತ್ತಿತ್ತು. ಮಕ್ಕಳಿಂದ ಹತ್ತು ಲೆಕ್ಕ ಮಾಡಿಸಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ.

ಎಂಟು ವರ್ಷದ ಮೇಲೆ ಹಿರಿಯೂರಿನ ಬಸ್ ನಿಲ್ದಾಣದಲ್ಲಿ ಒಬ್ಬರು "ಮೇಡಂ" ಎಂದು ಕೂಗಿದರು. ನಮ್ಮ ಹಳೆಯ ಡ್ರೈವರ್. ತಲೆ ಪೂರ್ತಿ ನರೆತಿತ್ತು. ಈಗ ಸ್ವಂತ ಲಗೇಜ್ ಗಾಡಿ ಇಟ್ಟುಕೊಂಡು ಹರಿಯಬ್ಬೆ ಕಡೆಯಿಂದ ಈರುಳ್ಳಿ ಸಾಗಿಸುತ್ತಾರಂತೆ. ಟೀ ಕುಡಿಯುವಾಗ ಲೋಟದ ಒಳಗೆ ನೋಡುತ್ತಾ ಹೇಳಿದರು:

"ಆ ಹಟ್ಟಿ ನೆನಪೈತಾ? ಬೋರಿಂಗಿನ ಎದುರುಮನೆ ಮನುಷ್ಯ ತೀರ್ಕಂಡ. ಹಿಂದಿನ ತಿಂಗ್ಳು ಆ ಕಡೆ ಬಾಡಿಗೆ ಇತ್ತು, ಹೋಗಿದ್ದೆ. ಎರಡು ವರ್ಷ ಹಾಸಿಗೆ ಮ್ಯಾಲೇ ಇದ್ನಂತೆ. ಮಗ್ಗುಲು ಬದಲಾಯಿಸಾಕೂ ಆಗ್ತಿರ್ಲಿಲ್ವಂತೆ."

ಅವರೇ ಮುಂದುವರಿಸಿದರು.

"ಅವತ್ತು ಹೂತ್ಕಂತೈತೆ ಅಂದಿದ್ನಲ್ಲ ಮೇಡಂ. ಹೂತ್ಕಂತಿರ್ಲಿಲ್ಲ. ಅದಕ್ಕಿಂತ ಕೆಟ್ಟ ದಾರಿಯಾಗೆ ಹೊಡ್ದಿದೀನಿ. ನನಗೆ ಊಟದ ಹೊತ್ತಾಗಿತ್ತು, ಅಷ್ಟೇಯ."

ಅವರು ಎಂಟು ವರ್ಷ ಅದನ್ನು ಹೊತ್ತುಕೊಂಡು ತಿರುಗಿದ್ದರು. ನಾನು ಮರೆತವಳ ಹಾಗೆ ಇದ್ದೆ. ಇಬ್ಬರೂ ಟೀ ಮುಗಿಸಿದೆವು. ಬಸ್ಸು ಹತ್ತುವಾಗ ಅವರ ಮುಖ ನೋಡಲಾಗಲಿಲ್ಲ.

ಆ ಮನುಷ್ಯ ನೀರಿನಿಂದಲೇ ಸತ್ತ ಎಂದು ನಾನು ಬರೆಯಲಾರೆ. ಒಂದು ಸಾವನ್ನು ಹಿಡಿದುಕೊಂಡು ಕಾರಣ ಹೇಳುವುದೂ ಒಂದು ತಪ್ಪು ಲೆಕ್ಕವೇ. ಆತನಿಗೆ ಬೇರೆ ಕಾಯಿಲೆ ಇದ್ದಿರಬಹುದು. ಅಷ್ಟು ತಿಳಿದಿದ್ದರೂ ಆ ವಾರ ನಾನು ನಿದ್ದೆ ಮಾಡಲಿಲ್ಲ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಹಟ್ಟಿಗೆ ಹೋದೆ.

ಆಕೆ ಅದೇ ಜಗುಲಿಯಲ್ಲಿದ್ದಳು. ಬೆನ್ನು ಪೂರಾ ಬಾಗಿತ್ತು. ಗುರುತು ಹೇಳಿದೆ. ಹೂಂ ಎಂದಳು. ಮೊದಲೇ ಹೇಳಿಬಿಡದಿದ್ದರೆ ಆಮೇಲೆ ಹೇಳಲಾರೆ ಎನಿಸಿ, ಕೂರುವ ಮೊದಲೇ ಹೇಳಿದೆ. ಹಟ್ಟಿಗೆ ಯಾರೂ ಬಂದಿರಲಿಲ್ಲ. ಶಾಲೆಯ ಮುಂದಿನ ಕೊಳಾಯಿಯ ನೀರು ಹಿಡಿದು ನಾನೇ ಹಟ್ಟಿಯದು ಎಂದು ಬರೆದೆ. ಆಮೇಲೆ ನಿಜ ಗೊತ್ತಾದ ಮೇಲೂ ಬಂದು ಹೇಳಲಿಲ್ಲ.

ಓಣಿಯ ಆಚೆ ಯಾರೋ ಬೋರಿಂಗು ಹೊಡೆಯುತ್ತಿದ್ದರು.

"ಅವತ್ತು ನನ್ ಮಗಳು ಕೊಟ್ಟ ನೀರು ಕುಡದ್ರಲ್ಲ," ಎಂದಳು ಕೊನೆಗೆ. "ಗೊತ್ತಿದ್ದೇ ಕುಡದ್ರಾ?"

"ಅನುಮಾನ ಇತ್ತು."

"ನಮಗೆ ಅದೂ ಇರ್ಲಿಲ್ಲ."

ಆಮೇಲೆ ಹೇಳಿದಳು. ಹಟ್ಟಿಯಾಚೆ ಒಂದು ತೋಟದಲ್ಲಿ ಹಳೆಯ ತೆರೆದ ಬಾವಿ ಇತ್ತಂತೆ. ಆ ನೀರಲ್ಲಿ ಬೇಳೆ ಬೇಗ ಬೇಯುತ್ತದೆ, ಅದು ಒಳ್ಳೆಯ ನೀರು ಎಂದು, ಕಾಗದ ಬರುವ ಹಿಂದಿನ ಒಂದೆರಡು ವರ್ಷ, ಗಂಡ ಸೈಕಲ್ಲಿಗೆ ಎರಡು ಕೊಡ ಕಟ್ಟಿ ಕುಡಿಯಲು ಅಲ್ಲಿಂದ ತರುತ್ತಿದ್ದನಂತೆ. ಇನ್ನೂ ನಾಲ್ಕೈದು ಮನೆಯವರು ತರುತ್ತಿದ್ದರಂತೆ.

"ಕಾಗದ ಅಂಟ್ಸಿದ ಮ್ಯಾಲೆ ಬಿಟ್ವಿ. ಓದಿದೋರು ಅಳದು ನೋಡಿ ಬರದವ್ರೆ, ಮನೆ ಮುಂದಿನ ನೀರೇ ಒಳ್ಳೇದಂತೆ, ಸುಮ್ನೆ ಯಾಕೆ ಸೈಕಲ್ ತುಳೀತೀಯ ಅಂತ ನಾನೇ ಅಂದೆ. ನಾನೇ ಅಂದಿದ್ದು."

ಆಕೆ ಅತ್ತಿದ್ದರೆ, ಬೈದಿದ್ದರೆ ನನಗೆ ಹಗುರವಾಗುತ್ತಿತ್ತೇನೋ. ಆ ಕೊನೆಯ ಮಾತನ್ನು ಮೂರು ಸಲ ಹೇಳಿದಳು. ನನ್ನ ತಪ್ಪನ್ನು ಆಕೆ ತನ್ನ ಲೆಕ್ಕಕ್ಕೆ ಹಾಕಿಕೊಂಡು ಕೂತಿದ್ದಳು. ಅದು ಹಾಗಲ್ಲ ಎಂದು ಎಷ್ಟು ಹೇಳಿದರೂ ಆಕೆಗೆ ನಾಟಲಿಲ್ಲ.

ಆ ಬೇಸಿಗೆ ರಜೆಯಲ್ಲಿ ಕೆಲಸವನ್ನು ಮೊದಲಿನಿಂದ ಮಾಡಿದೆ. ಹಳೆಯ ಕಾಲೇಜಿನ ಲ್ಯಾಬಿನಲ್ಲಿ ಅನುಮತಿ ಕೇಳಿಕೊಂಡೆ. ಊರಿನ ಮತ್ತು ಹಟ್ಟಿಯ ಪ್ರತಿಯೊಂದು ಬೋರು, ಕೊಳಾಯಿ, ಬಾವಿಯಿಂದ ನೀರು ತಂದೆ. ಚೀಟಿ ಎತ್ತಲಿಲ್ಲ, ಒಂದನ್ನೂ ಬಿಡಲಿಲ್ಲ. ತೋಟದ ಬಾವಿ ಅಷ್ಟರಲ್ಲಿ ಹೂಳು ತುಂಬಿ, ತಳದಲ್ಲಿ ಮಾತ್ರ ಸ್ವಲ್ಪ ನೀರಿತ್ತು. ಅದನ್ನೂ ಅಳೆದೆ. ಅದರ ನೀರು ಚೆನ್ನಾಗಿಯೇ ಇತ್ತು. ಆಮೇಲೆ ಹಟ್ಟಿಯ ಮನೆಮನೆಗೂ ಹೋಗಿ, ಹೊರಸಿನ ಮೇಲೆ ಮಲಗಿದವರಿಂದ ಶುರುಮಾಡಿ ಕೊನೆಗೆ ಓಡಾಡುವವರ ಬಳಿ ಬಂದೆ. ಈ ಸಲ ಹಾಳೆಯಲ್ಲಿ ಸೊನ್ನೆಗಳು ಕಡಿಮೆ.

ಒಂದು ದೊಡ್ಡ ರಟ್ಟಿನ ಮೇಲೆ ಪ್ರತಿ ಬೋರಿನ ಅಂಕಿಯನ್ನೂ ಬೇರೆಬೇರೆಯಾಗಿ ಬರೆದು ಗ್ರಾಮಸಭೆಗೆ ಕೊಂಡುಹೋದೆ. ಒಬ್ಬ ಸದಸ್ಯರು ಎದ್ದು ಕೇಳಿದರು:

"ಇಷ್ಟೊಂದು ಬರದೀರಲ್ಲ ಮೇಡಂ. ಒಟ್ಟು ನಮ್ಮೂರಿಂದು ಎಷ್ಟು ಬರ್ತೈತೆ, ಒಂದೇ ಮಾತಿನಾಗೆ ಹೇಳ್ರಿ."

"ಒಂದೇ ಮಾತಿನಲ್ಲಿ ಹೇಳಿದ್ದಕ್ಕೇ ಹೀಗಾಗಿದ್ದು," ಎಂದೆ. "ಅದಕ್ಕೇ ಸರಾಸರಿ ತೆಗೆದಿಲ್ಲ."

ಯಾಕೆ ಹೀಗಾಯಿತೆಂದು ಹೇಳಬೇಕಾಯಿತು. ಹೇಳಿದೆ. ಅಷ್ಟು ಜನರ ಮುಂದೆ ನನ್ನ ಬಾಟಲಿಯ ಕಥೆ ಹೇಳುವಾಗ ಎರಡು ಸಲ ನಿಲ್ಲಿಸಿದೆ. ಆಮೇಲೆ ಹಿಂದಿನ ಸಾಲಿನಲ್ಲಿದ್ದ ಹಟ್ಟಿಯ ಒಬ್ಬ ಮುದುಕ ಕೇಳಿದ:

"ಒಂದ್ ಸಲ ಸುಳ್ಳು ಬರದೋರು ನೀವೇ. ಈಗ ಬರದಿರೋದು ದಿಟ ಅಂತ ಹೆಂಗೆ ನಂಬಾಣ ತಾಯಿ?"

"ನಂಬಬೇಡಿ, ಬೇರೆಯವರಿಂದ ಅಳೆಸಿ," ಎಂದೆ. ಕೆಲವರು ಅದನ್ನೇ ಹಿಡಿದುಕೊಂಡು ನನ್ನ ರಟ್ಟನ್ನು ಪಕ್ಕಕ್ಕಿಟ್ಟರು. ಮತ್ತೊಮ್ಮೆ ಅಳೆಯಲು ಬೇರೆ ಕಡೆಯಿಂದ ಜನ ಬರುವ ಹೊತ್ತಿಗೆ ವರ್ಷ ಕಳೆದಿತ್ತು. ನನ್ನ ಅಂಕಿಗೂ ಅವರ ಅಂಕಿಗೂ ಹೆಚ್ಚು ಕಡಿಮೆ ಇರಲಿಲ್ಲ. ನಾನು ಮೊದಲು ಸುಳ್ಳು ಬರೆಯದೆ ಇದ್ದಿದ್ದರೆ ಆ ಒಂದು ವರ್ಷ ಉಳಿಯುತ್ತಿತ್ತು. ಹಟ್ಟಿಯವರು ಆ ವರ್ಷವೂ ಬೋರಿಂಗಿನ ನೀರನ್ನೇ ಕುಡಿದರು. ಕೆಲವರು ಮಾತ್ರ ಊರಿಂದ ಹೊತ್ತು ತಂದರು.

ಕೊನೆಗೆ ಊರಿನ ಟ್ಯಾಂಕಿನಿಂದ ಹಟ್ಟಿಗೆ ಪೈಪು ಎಳೆದರು. ದಿನ ಬಿಟ್ಟು ದಿನ ನೀರು ಬರುತ್ತದೆ. ಬೋರಿಂಗಿನ ಹಿಡಿ ಬಿಚ್ಚಿದ್ದಾರೆ. ಹೊಸ ನೀರು ಬಂದ ವಾರ ನಾನು ಹೋಗಿದ್ದೆ. ಆಕೆ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು.

"ಸಪ್ಪೆ," ಎಂದಳು. "ನಮ್ಮ ನೀರಿಗೆ ರುಚಿ ಇತ್ತು."

ಈಗ ಪ್ರತಿವರ್ಷ ಸರಾಸರಿಯ ಪಾಠ ಬಂದಾಗ ಲೆಕ್ಕ ಮಾಡಿಸುವ ಮೊದಲು ಮಕ್ಕಳಿಗೆ ಮೂರು ಪ್ರಶ್ನೆ ಬರೆಸುತ್ತೇನೆ: ಯಾರನ್ನು ಎಣಿಸಿದರು? ಯಾರು ಬಿಟ್ಟುಹೋದರು? ಈ ಒಂದು ಅಂಕಿಯ ಒಳಗೆ ಎಷ್ಟು ಅಂಕಿಗಳಿವೆ? ಪರೀಕ್ಷೆಯಲ್ಲಿ ಇವು ಬರುವುದಿಲ್ಲವಾದ್ದರಿಂದ ಮಕ್ಕಳು ಬರೆದುಕೊಂಡು ಮರೆಯುತ್ತಾರೆ.

ಹಟ್ಟಿಗೆ ಆಗಾಗ ಹೋಗುತ್ತೇನೆ. ಆಕೆ ಕ್ಷಮಿಸಿದ್ದೇನೆ ಎಂದು ಒಂದು ಸಲವೂ ಹೇಳಿಲ್ಲ, ನಾನೂ ಕೇಳಿಲ್ಲ. ಮೊನ್ನೆ ಹೋದಾಗ ಆಕೆಯ ಮುಖ ಕಾಣಲೆಂದು ಜಗುಲಿಯ ಕೆಳಗೆ ನೆಲದ ಮೇಲೆ ಕೂತೆ. ಈಗ ಆಕೆ ತಲೆ ಎತ್ತಲಾರಳು. ಆವತ್ತು ನೀರು ತಂದುಕೊಟ್ಟ ಹುಡುಗಿಗೆ ಈಗ ಮದುವೆಯ ವಯಸ್ಸು. ಭರಮಸಾಗರದ ಕಡೆಯಿಂದ ಹಿಂದಿನ ವಾರ ನೋಡಲು ಬಂದಿದ್ದರಂತೆ.

"ಏನಂದರು ಅಕ್ಕ?" ಎಂದು ಕೇಳಿದೆ.

"ಏನೂ ಅನ್ಲಿಲ್ಲ. ನಗಮ್ಮಾ ಅಂದ್ರು, ಅವಳು ನಕ್ಕಳು. ಕಾಫಿ ಕುಡದು ಎದ್ದು ಹೋದ್ರು."